ಕೆನಡಾದ ಕ್ಯಾಲ್ಗರಿಗೆ ಹೊಸದಾಗಿ ಬಂದವರಿಗೆ: ರೈಲು, ದನ, ಗೋಧಿ ಕಟ್ಟಿದ ಊರು

ಬಾಡಿಗೆ ಮನೆ ಎಲ್ಲಿ ನೋಡಬೇಕು, ಚಳಿಗೆ ಎಂಥ ಜಾಕೆಟ್ ಬೇಕು, ಸೋನಾ ಮಸೂರಿ ಎಲ್ಲಿ ಸಿಗುತ್ತದೆ, ಇದೆಲ್ಲ ಬಂದ ವಾರದಲ್ಲೇ ಯಾರಾದರೂ ಹೇಳಿಕೊಡುತ್ತಾರೆ. ನಾನು ಹೇಳಬೇಕೆಂದಿರುವುದು ಬೇರೆ. ನೀವು ದಿನಾ ಓಡಾಡುವ ಸ್ಟೀಫನ್ ಅವೆನ್ಯೂ, ಕ್ರೋಫುಟ್ ಸ್ಟೇಷನ್, ಇವು ಯಾರ ಹೆಸರು ಅಂತ ತಿಳಿದುಕೊಳ್ಳಿ. ನನಗೆ ಈ ಊರು ಹತ್ತಿರವಾಗಿದ್ದು ಅದರಿಂದಲೇ.

ಕ್ರೋಫುಟ್, ಬ್ಲ್ಯಾಕ್‌ಫುಟ್ ಮೂಲನಿವಾಸಿಗಳಲ್ಲಿ ಒಂದು ಪಂಗಡವಾದ ಸಿಕ್ಸಿಕಾ ಜನರ ನಾಯಕ. ಈ ಬಯಲು ಬ್ಲ್ಯಾಕ್‌ಫುಟ್ ಜನರದ್ದು, ಅವರ ಬದುಕು ಕಾಡೆಮ್ಮೆಗಳ ಮೇಲೆ ನಿಂತಿತ್ತು. ಚರ್ಮಕ್ಕಾಗಿ ನಡೆದ ಬೇಟೆಯಲ್ಲಿ 1880ರ ಹೊತ್ತಿಗೆ ಕಾಡೆಮ್ಮೆಗಳು ಹೆಚ್ಚುಕಡಿಮೆ ಮುಗಿದೇಹೋದವು. 1877ರಲ್ಲಿ ಬೋ ನದಿಯ ದಡದಲ್ಲಿ, ಬ್ಲ್ಯಾಕ್‌ಫುಟ್ ಕ್ರಾಸಿಂಗ್‌ನಲ್ಲಿ, ಈ ಭೂಮಿಯ ಬಗ್ಗೆ ಸರ್ಕಾರ ಮತ್ತು ಮೂಲನಿವಾಸಿಗಳ ನಡುವಿನ ಏಳನೇ ಒಪ್ಪಂದಕ್ಕೆ ಸಹಿ ಬಿತ್ತು. ಸಭೆಗಳ ಆರಂಭದಲ್ಲಿ 'ಟ್ರೀಟಿ ಸೆವೆನ್' ಅಂತ ಕೇಳುತ್ತೀರಲ್ಲ, ಅದು ಇದೇ. 'ಇಲ್ಲಿ ಏನೂ ಇರಲಿಲ್ಲ, ಬಂದವರು ಕಟ್ಟಿದರು' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಮಯ ಸಿಕ್ಕಾಗ ಕ್ಲೂನಿ ಹತ್ತಿರದ ಆ ಜಾಗಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ.

ಆಮೇಲೆ ಬಂದಿದ್ದು ರೈಲು. ಹಳಿ ಹಾಕಲು ಸರ್ಕಾರ ಕೆನೇಡಿಯನ್ ಪೆಸಿಫಿಕ್ ಕಂಪನಿಗೆ 2.5 ಕೋಟಿ ಡಾಲರ್ ಕೊಟ್ಟಿತು, ಜತೆಗೆ 2.5 ಕೋಟಿ ಎಕರೆ ಭೂಮಿ! ಜಾರ್ಜ್ ಸ್ಟೀಫನ್ ಆ ಕಂಪನಿಯ ಮೊದಲ ಅಧ್ಯಕ್ಷ. 1883ರ ಆಗಸ್ಟ್‌ನಲ್ಲಿ ಹಳಿ ಕ್ಯಾಲ್ಗರಿ ಮುಟ್ಟಿತು. ರೈಲು ಬರುತ್ತದೆಂದು ಜನ ಎಲ್ಬೋ ನದಿಯ ಪೂರ್ವಕ್ಕೆ ಜಾಗ ಹಿಡಿದು ಕಾದಿದ್ದರು. ಕಂಪನಿ ನಿಲ್ದಾಣ ಮಾಡಿದ್ದು ನದಿಯ ಪಶ್ಚಿಮಕ್ಕೆ, ತನ್ನದೇ ಜಮೀನಿನಲ್ಲಿ. ಊರೇ ನದಿ ದಾಟಿ ನಿಲ್ದಾಣ ಇದ್ದಲ್ಲಿಗೆ ಹೋಗಬೇಕಾಯಿತು. ಈಗಿನ ಡೌನ್‌ಟೌನ್ ಅಲ್ಲಿರುವುದು ಅದಕ್ಕೇ.

ಪಕ್ಕದ ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳಲ್ಲಿ ಇದೇ ಹಳಿ ಹಾಕಿದವರಲ್ಲಿ ಸುಮಾರು 15,000 ಚೀನೀಯರಿದ್ದರು. ಕೊನೆಯ ಮೊಳೆ ಬಡಿದ 1885ರಲ್ಲೇ ಹೊಸದಾಗಿ ಬರುವ ಚೀನೀಯರ ಮೇಲೆ ತಲೆಗೆ 50 ಡಾಲರ್ ತೆರಿಗೆ ಹಾಕಿದರು. ವಲಸೆ ಬಂದ ನಾವು ಇದನ್ನು ಮರೆಯಬಾರದು.

ಇನ್ನು ದನ. 1881ರಿಂದ ಸರ್ಕಾರ ಒಬ್ಬೊಬ್ಬರಿಗೆ 1 ಲಕ್ಷ ಎಕರೆವರೆಗೆ ಹುಲ್ಲುಗಾವಲನ್ನು ವರ್ಷಕ್ಕೆ ಎಕರೆಗೆ 1 ಸೆಂಟ್‌ನಂತೆ ಗುತ್ತಿಗೆ ಕೊಟ್ಟಿತು. ಕಡೂರು, ಚಿತ್ರದುರ್ಗದ ಕಡೆ ಅಮೃತ್ ಮಹಲ್ ಕಾವಲು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಕಾವಲು ಅರಮನೆಯದು, ಇಲ್ಲಿ ದುಡ್ಡಿದ್ದ ಕಂಪನಿಗಳದು. ಇಷ್ಟು ಚಳಿಯಲ್ಲಿ ದನ ಹೊರಗೆ ಬದುಕುತ್ತಿದ್ದುದು ಹೇಗೆ ಅಂತೀರಾ? ಶಿನೂಕ್ ಗಾಳಿಯಿಂದ. ಬೆಟ್ಟ ಇಳಿದು ಬರುವ ಈ ಬಿಸಿಗಾಳಿ ಕೆಲವೇ ಗಂಟೆಯಲ್ಲಿ ಹಿಮ ಕರಗಿಸುತ್ತದೆ, ಕೆಳಗಿನ ಒಣಹುಲ್ಲು ದನಕ್ಕೆ ಸಿಗುತ್ತದೆ. ಪಶ್ಚಿಮದ ಆಕಾಶದಲ್ಲಿ ಮೋಡ ಕಮಾನಿನ ಹಾಗೆ ನಿಂತು, ಅದರ ಕೆಳಗೆ ನೀಲಿ ಪಟ್ಟಿ ಕಂಡರೆ ಶಿನೂಕ್ ಬಂತು ಅಂತ ಲೆಕ್ಕ. ಆ ದಿನ ಕೆಲವರಿಗೆ ತಲೆನೋವು ಬರುತ್ತದೆ. ಬಿಸಿಲು ಬಂತಲ್ಲ ಅಂತ ಜಾಕೆಟ್ ಮನೆಯಲ್ಲಿ ಬಿಡಬೇಡಿ, ಸಂಜೆಗೆ ಮತ್ತೆ ಮೈನಸ್ ಆಗಬಹುದು. 1906-07ರ ಚಳಿಗಾಲ ಈ ಗಾಳಿ ಕೈಕೊಟ್ಟಿತು. ಸಾವಿರಾರು ದನ ಹಸಿವಿನಿಂದ ನಿಂತಲ್ಲೇ ಸತ್ತವು. ಬಯಲಿನಲ್ಲಿ ಸುಮ್ನೆ ಮೇಯಲು ಬಿಡುವ ಕಾಲ ಅಲ್ಲಿಗೆ ಮುಗಿಯುತ್ತಾ ಬಂತು.

ಅಷ್ಟರಲ್ಲಿ ಬೇಸಾಯಗಾರರು ಬೇಲಿ ಹಾಕುತ್ತಾ ಬಂದಿದ್ದರು. ಆಗ ಸರ್ಕಾರಕ್ಕೆ 10 ಡಾಲರ್ ಕಟ್ಟಿದರೆ 160 ಎಕರೆ. ಮೂರು ವರ್ಷ ಅಲ್ಲೇ ಇದ್ದು, ಮನೆ ಕಟ್ಟಿ, ಉತ್ತರೆ ನಿಮ್ಮದು. ಬೆಳೆದ ಗೋಧಿ ತುಂಬಲು ಹಳಿ ಪಕ್ಕದಲ್ಲಿ ಎಲಿವೇಟರ್ ಅಂತ ಕರೆಯುವ ಎತ್ತರದ ಮರದ ಧಾನ್ಯದ ಗೋದಾಮುಗಳು ಎದ್ದವು. ಕುದುರೆ ಗಾಡಿಯಲ್ಲಿ ಒಂದೇ ದಿನದಲ್ಲಿ ಹೋಗಿಬರುವಷ್ಟು ದೂರಕ್ಕೊಂದು. ನ್ಯಾಂಟನ್‌ನಲ್ಲಿ ಕೆಲವನ್ನು ಉಳಿಸಿಕೊಂಡಿದ್ದಾರೆ, ನೋಡಿ ಬನ್ನಿ. ಆದರೆ ಪೂರ್ವದ ಒಣ ಭೂಮಿಯಲ್ಲಿ ಮಳೆ ಕೈಬಿಟ್ಟಾಗ ಎಷ್ಟೋ ಜನ ಮನೆಮಠ ಬಿಟ್ಟು ಹೊರಟುಹೋದರು. ಭೂಮಿ ಮಾರಬೇಕಿದ್ದ ರೈಲು ಕಂಪನಿಯೇ ಕಾಲುವೆ ತೋಡಿಸಿತು. ಚೆಸ್ಟರ್‌ಮಿಯರ್ ಕೆರೆ ಆ ನೀರಾವರಿಗೆಂದೇ ಮಾಡಿದ್ದು. ಇವತ್ತು ಅದರ ದಂಡೆಯಲ್ಲಿ ಮನೆ ನೋಡುವವರು ಇದನ್ನೂ ತಿಳಿದಿರಲಿ.

ಈ ಬಯಲಲ್ಲಿ ಈಗ ಗೋಧಿ ಜತೆಗೆ ಕ್ಯಾನೋಲಾ, ಬಟಾಣಿ, ಮಸೂರ್ ಬೆಳೆಯುತ್ತಾರೆ. ಜುಲೈನಲ್ಲಿ ಕ್ಯಾನೋಲಾ ಹೂ ಬಿಟ್ಟಾಗ ನಮ್ಮ ಹುಚ್ಚೆಳ್ಳು ಹೊಲದ ಹಾಗೇ ಹಳದಿ. ಊರು ನೆನಪಾಗುತ್ತದೆ. ಅದೇ ತಿಂಗಳು ಹತ್ತು ದಿನ ಸ್ಟ್ಯಾಂಪೀಡ್, ಅಂದರೆ ಈ ಊರಿನ ರೋಡಿಯೋ ಜಾತ್ರೆ, 1912ರಲ್ಲಿ ಶುರುವಾದದ್ದು. ಬೀದಿಬೀದಿಯಲ್ಲಿ ಪುಕ್ಕಟೆ ಪ್ಯಾನ್‌ಕೇಕ್ ತಿಂಡಿ ಇರುತ್ತದೆ, ತಪ್ಪಿಸಿಕೊಳ್ಳಬೇಡಿ. ನೀವು ಸಸ್ಯಾಹಾರಿಗಳಾದರೆ, ಅದೇ ಹಂಚಿನಲ್ಲಿ ಸಾಸೇಜ್ ಬೇಯಿಸುತ್ತಾರಾ ಅಂತ ಮೊದಲೇ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕೊನೆಗೆ, ಹಳ್ಳಿ ಕಡೆ ಹೋಗುವವರಿಗೆ. ನನ್ನ ಮೊದಲ ಡಿಸೆಂಬರ್‌ನಲ್ಲಿ ಸಹೋದ್ಯೋಗಿಯೊಬ್ಬರ ಫಾರ್ಮ್‌ಗೆ ಹೊರಟಿದ್ದೆವು. ಫೋನ್ ಸಿಗ್ನಲ್ ಹೋಯಿತು, ಕತ್ತಲು, ಸುತ್ತ ಬರೀ ಬಿಳಿ. ನನ್ನ ಹೆಂಡತಿ ಕಾರಿನ ಬೆಳಕಲ್ಲಿ ಬೋರ್ಡ್ ಓದಿದಳು: ಟೌನ್‌ಶಿಪ್ ರೋಡ್ 250. ಆಗ ಅದು ನಮಗೆ ಬರೀ ನಂಬರ್. ಆಮೇಲೆ ಕಲಿತೆ. ಬೇಸಾಯಗಾರರಿಗೆ ಹಂಚಲು ಇಡೀ ಬಯಲನ್ನು 6 ಮೈಲಿ ಚೌಕದ ಟೌನ್‌ಶಿಪ್‌ಗಳಾಗಿ ಅಳೆದಿದ್ದಾರೆ. 250 ಅಂದರೆ 25ನೇ ಟೌನ್‌ಶಿಪ್‌ನ ದಕ್ಷಿಣದ ಅಂಚು. ಎರಡು ಮೈಲಿ ಉತ್ತರಕ್ಕೆ ಹೋದರೆ 252. ಟೌನ್‌ಶಿಪ್ ರೋಡ್ ಪೂರ್ವ-ಪಶ್ಚಿಮ, ರೇಂಜ್ ರೋಡ್ ಉತ್ತರ-ದಕ್ಷಿಣ. ಇಷ್ಟು ಗೊತ್ತಿದ್ದರೆ ಫೋನ್ ಸತ್ತರೂ ದಾರಿ ಸಿಗುತ್ತದೆ.

ದಾರಿಯಲ್ಲಿ ಕಬ್ಬಿಣದ ಕಂಬಿಗಳ ಜಾಲರಿ ಹಾಕಿದ ಹಳ್ಳ ಸಿಕ್ಕರೆ ಅದು ಟೆಕ್ಸಸ್ ಗೇಟ್, ದನ ದಾಟದಿರಲಿ ಅಂತ. ನಿಧಾನವಾಗಿ ದಾಟಿ. ನಿಜವಾದ ಗೇಟ್ ಇದ್ದರೆ, ತೆರೆದಿದ್ದರೆ ತೆರೆದೇ ಬಿಡಿ. ಮುಚ್ಚಿದ್ದರೆ ಒಳಗೆ ಹೋದ ಮೇಲೆ ಇಳಿದು ಮುಚ್ಚಿ, ಚಿಲಕ ಕೂತಿತಾ ಅಂತ ಒಮ್ಮೆ ಎಳೆದು ನೋಡಿ.