ಬಸುರಿನಲ್ಲಿ ಬಿಪಿ: ಮನೆಯಲ್ಲಿ ಅಳೆಯುವ ಕ್ರಮ, ಅಂಕಿ ಓದುವ ಕ್ರಮ

ಬಿಪಿ ಇರುವ ಬಸುರಿಯನ್ನು ನೋಡಿಕೊಳ್ಳುವಾಗ ನಾನು ಮಾತ್ರೆಯ ಮಾತಿಗೆ ಮೊದಲು ಕೇಳುವುದು ಮನೆಯಲ್ಲಿ ಅಳೆಯುವುದು ಹೇಗೆ ಎಂದು. ಡೋಸ್ ಏರಿಸುವುದು, ಇಳಿಸುವುದು, ಅಡ್ಮಿಟ್ ಮಾಡುವುದು ಎಲ್ಲವೂ ಆ ಅಂಕಿಯ ಮೇಲೆಯೇ ನಿಂತಿದೆ. ಅಂಕಿ ಹತ್ತು ಪಾಯಿಂಟ್ ಆಚೀಚೆಯಾದರೆ ಚಿಕಿತ್ಸೆಯೂ ಅಷ್ಟೇ ದಾರಿ ತಪ್ಪುತ್ತದೆ.

ಮಷಿನ್ ತೋಳಿಗೆ ಕಟ್ಟುವಂಥದ್ದೇ ಇರಲಿ, ಮಣಿಕಟ್ಟಿನದು ಬೇಡ. ಗರ್ಭಿಣಿಯರಲ್ಲೇ ಪರೀಕ್ಷಿಸಿ ಒಪ್ಪಿದ ಮಾಡೆಲ್ ಬೇಕು. ಪ್ರೀಎಕ್ಲಾಂಪ್ಸಿಯಾದಲ್ಲಿ (ಬಿಪಿ ಏರಿ ಮೂತ್ರಪಿಂಡ, ಲಿವರ್, ಮಿದುಳಿಗೂ ತಟ್ಟಬಹುದಾದ ಬಸುರಿನ ಕಾಯಿಲೆ) ಎಷ್ಟೋ ಆಟೊಮ್ಯಾಟಿಕ್ ಮಷಿನ್‌ಗಳು ಇರುವುದಕ್ಕಿಂತ ಕಡಿಮೆ ತೋರಿಸುತ್ತವೆ, ಅಪಾಯವೂ ಅಲ್ಲೇ ಹೆಚ್ಚು. ಮೊದಲ ಭೇಟಿಗೆ ಮಷಿನ್ ತರಿಸಿ, ಅದೇ ತೋಳಿನಲ್ಲಿ ಕ್ಲಿನಿಕ್ಕಿನದನ್ನೂ ಅದನ್ನೂ ಒಂದಾದ ಮೇಲೊಂದು ಹಚ್ಚಿ ನೋಡುತ್ತೇನೆ. ಆಮೇಲೆ ತೋಳಿಗೆ ಸುತ್ತುವ ಪಟ್ಟಿ (ಕಫ್). ಭುಜಕ್ಕೂ ಮೊಣಕೈಗೂ ನಟ್ಟನಡುವೆ ಟೇಪ್ ಸುತ್ತಬೇಕು. ಸಾಮಾನ್ಯ ಪಟ್ಟಿ ಸುಮಾರು 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ಅದಕ್ಕಿಂತ ದಪ್ಪ ತೋಳಿಗೆ ಅದನ್ನೇ ಬಿಗಿದರೆ ಇಲ್ಲದ ಬಿಪಿ ಕಾಣುತ್ತದೆ. ತಿಂಗಳು ತುಂಬುತ್ತ ತೋಳೂ ದಪ್ಪವಾಗುವುದರಿಂದ 28 ವಾರದ ಹೊತ್ತಿಗೆ ಮತ್ತೊಮ್ಮೆ ಟೇಪ್ ಹಿಡಿಯುವುದು ನನ್ನ ರೂಢಿ.

ಅಳೆಯುವ ಮುಂಚೆ ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ಎರಡೂ ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕೂರಬೇಕು. ಕಾಲ ಮೇಲೆ ಕಾಲು ಬೇಡ, ಮಾತು ಬೇಡ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಟೀ ಬೇಡ. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ. ರವಿಕೆ ತೋಳನ್ನು ಮೇಲಕ್ಕೆ ಒತ್ತರಿಸಿ ಕಟ್ಟಿದರೆ ಬಟ್ಟೆಯ ಸುರುಳಿಯೇ ತೋಳನ್ನು ಬಿಗಿಯುತ್ತದೆ, ತೋಳು ಬರಿದಾಗಿಯೇ ಇರಬೇಕು. ಪಟ್ಟಿ ಎದೆಯ ಮಟ್ಟಕ್ಕೆ ಬರುವಂತೆ ಕೈ ಕೆಳಗೆ ದಿಂಬು ಇಡಿ. ತೋಳು ಹತ್ತು ಸೆಂ.ಮೀ. ಕೆಳಗಿಳಿದರೆ ಅಂಕಿ ಏಳೆಂಟು ಏರುತ್ತದೆ. ಎಡ ಮಗ್ಗುಲಾಗಿ ಮಲಗಿ ಮೇಲಿರುವ ಬಲತೋಳಿನಲ್ಲಿ ಅಳೆದರೆ ಇದಕ್ಕೆ ತಿರುವುಮುರುವು: ತೋಳು ಹೃದಯಕ್ಕಿಂತ ಎತ್ತರದಲ್ಲಿರುವುದರಿಂದ ಅಂಕಿ ಇಳಿಯುತ್ತದೆ. "ಮಲಗಿದಾಗ ಚೆನ್ನಾಗಿತ್ತು" ಎಂಬ ಸಮಾಧಾನವನ್ನು ಅದಕ್ಕೇ ನಾನು ಒಪ್ಪುವುದಿಲ್ಲ.

ಬೆಳಿಗ್ಗೆ ಮಾತ್ರೆಗೆ ಮೊದಲು, ಮತ್ತೆ ಸಂಜೆ, ಒಂದು ನಿಮಿಷ ಬಿಟ್ಟು ಎರಡೆರಡು ಸಲ ಅಳೆದು ಎರಡನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ. ಕಡಿಮೆ ಬಂದದ್ದನ್ನು ಮಾತ್ರ ಬರೆಯುವ ಆಸೆ ಬಹಳ ಜನಕ್ಕಿರುತ್ತದೆ, ಅದು ನಮ್ಮನ್ನು ಕತ್ತಲಲ್ಲಿಡುತ್ತದೆ. ಮಾತ್ರೆ ನುಂಗಿದ ಹೊತ್ತು ಪಕ್ಕದಲ್ಲೇ ಇರಲಿ.

ಕ್ಲಿನಿಕ್ಕಿನಲ್ಲಿ 140/90 ಎಂಬುದಕ್ಕೆ ಮನೆಯಲ್ಲಿ 135/85 ಸಮ. ಮಾತ್ರೆ ಮೇಲಿರುವವರಿಗೆ ನಾನು ಇಡುವ ಗುರಿ 135/85 ಆಸುಪಾಸು. ಪದೇ ಪದೇ 110/70ಕ್ಕಿಂತ ಕೆಳಗೆ ಹೋದರೆ ಡೋಸ್ ಇಳಿಸುವ ಯೋಚನೆ ಮಾಡುತ್ತೇನೆ. ಮೇಲಿನದು 160 ಅಥವಾ ಕೆಳಗಿನದು 110, ಎರಡರಲ್ಲಿ ಯಾವುದೊಂದು ಮುಟ್ಟಿದರೂ 15 ನಿಮಿಷದೊಳಗೆ ಇನ್ನೊಮ್ಮೆ ನೋಡಿ, ಹಾಗೇ ಇದ್ದರೆ ತಕ್ಷಣ ಆಸ್ಪತ್ರೆಗೆ. ಬೆಳಗಾಗಲಿ ಎಂದು ಕಾಯುವಂತಿಲ್ಲ, ಆ ಒತ್ತಡಕ್ಕೆ ಮಿದುಳಿನ ರಕ್ತನಾಳ ಒಡೆಯಬಹುದು.

ಮೊದಲಿಂದ ಬಿಪಿ ಇದ್ದವರಿಗೆ ನಡು ತಿಂಗಳುಗಳಲ್ಲಿ ಅಂಕಿ ತಾನಾಗಿ ಇಳಿಯುತ್ತದೆ. ವಾಸಿಯಾಯಿತೆಂದು ಮಾತ್ರೆ ಬಿಡುವುದು ಆಗಲೇ. ಏಳನೇ ತಿಂಗಳಿಂದ ಅದು ಮತ್ತೆ ಹತ್ತುತ್ತದೆ.

ಮಾತ್ರೆಗಳಲ್ಲಿ ನಾವು ಬಳಸುವುದು ಮುಖ್ಯವಾಗಿ ಮೂರು. ಲ್ಯಾಬೆಟಲಾಲ್ ಸಾಮಾನ್ಯವಾಗಿ 100 ಮಿ.ಗ್ರಾಂ. ದಿನಕ್ಕೆರಡು ಸಲದಿಂದ ಶುರು, ಆಸ್ತಮಾ ಇದ್ದವರಿಗೆ ಬೇಡ. ನಿಧಾನವಾಗಿ ಬಿಡುಗಡೆಯಾಗುವ ನಿಫೆಡಿಪಿನ್ ಅನ್ನು ಜಗಿಯಬಾರದು, ಪುಡಿ ಮಾಡಬಾರದು: ಔಷಧ ಒಮ್ಮೆಲೇ ರಕ್ತಕ್ಕೆ ಸೇರಿ ಬಿಪಿ ಧೊಪ್ಪನೆ ಬೀಳುತ್ತದೆ. ಅದರಿಂದಲೂ ತಲೆನೋವು, ಪಾದದ ಊತ ಬರುವುದರಿಂದ ಕಾಯಿಲೆಯ ಲಕ್ಷಣದೊಂದಿಗೆ ಕಲಸಿಹೋಗುವುದುಂಟು. ಮೂರನೆಯದು ಮೀಥೈಲ್‌ಡೋಪಾ, ಮಂಪರು ತರಿಸುತ್ತದೆ. ಹೆಸರು "ಪ್ರಿಲ್" ಅಥವಾ "ಸಾರ್ಟಾನ್" ಎಂದು ಮುಗಿಯುವ ಮಾತ್ರೆಗಳು ಮಗುವಿನ ಮೂತ್ರಪಿಂಡಕ್ಕೆ ಕೇಡು. ಬಸುರು ಗೊತ್ತಾದ ದಿನವೇ ವೈದ್ಯರನ್ನು ಕಂಡು ಬದಲಿಸಿಕೊಳ್ಳಿ, ಬದಲಿ ಇಲ್ಲದೆ ಬಿಪಿಯನ್ನು ಹಾಗೇ ಬಿಡಬೇಡಿ.

ಅಪಾಯ ಹೆಚ್ಚಿರುವವರಿಗೆ 12ನೇ ವಾರದಿಂದ ಆಸ್ಪಿರಿನ್ ಕೊಡುತ್ತೇವೆ, 75ರಿಂದ 150 ಮಿ.ಗ್ರಾಂ., ರಾತ್ರಿ ಹೊತ್ತು. ಅದು ಬಿಪಿ ಇಳಿಸುವುದಕ್ಕಲ್ಲ, ಪ್ರೀಎಕ್ಲಾಂಪ್ಸಿಯಾ ತಡೆಯುವುದಕ್ಕೆ. 16 ವಾರ ದಾಟಿ ಶುರು ಮಾಡಿದರೆ ಫಲ ಕಡಿಮೆ. ಉಪ್ಪು ಪೂರ್ತಿ ಬಿಡುವುದರಿಂದಾಗಲಿ ದಿನವಿಡೀ ಹಾಸಿಗೆ ಹಿಡಿಯುವುದರಿಂದಾಗಲಿ ಈ ಕಾಯಿಲೆ ನಿಲ್ಲುವುದಿಲ್ಲ. ಅಲುಗಾಡದೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ.

ಅಂಕಿ ಚೆನ್ನಾಗಿದ್ದರೂ ಓಡಿ ಬರಬೇಕಾದ ಲಕ್ಷಣಗಳಿವೆ: ಪ್ಯಾರಾಸಿಟಮಾಲ್‌ಗೂ ಬಗ್ಗದ ತಲೆನೋವು, ಕಣ್ಣೆದುರು ಮಿಂಚು ಅಥವಾ ಮಬ್ಬು, ಉಸಿರುಕಟ್ಟುವುದು, ಇದ್ದಕ್ಕಿದ್ದಂತೆ ಮುಖ ಊದುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು. ಬಲ ಪಕ್ಕೆಲುಬಿನ ಕೆಳಗಿನ ನೋವನ್ನು ಗ್ಯಾಸ್ಟ್ರಿಕ್ ಎಂದು ಆಸಿಡಿಟಿ ಮಾತ್ರೆ ನುಂಗಿ ತಡ ಮಾಡುವವರು ತುಂಬಾ. ಅದು ಲಿವರ್ ಊದಿದ ನೋವಾಗಿರಬಹುದು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಒಂದು ಲಕ್ಷದ ಕೆಳಗಿದೆಯೇ, ಲಿವರ್ ಎನ್‌ಜೈಮ್ ಏರಿದೆಯೇ ಎಂದು ಅಂದೇ ನೋಡಬೇಕು.

ಹೆರಿಗೆಯಾದೊಡನೆ ಪುಸ್ತಕ ಮುಚ್ಚಿಡಬೇಡಿ. ಬಿಪಿ ತುದಿ ಮುಟ್ಟುವುದು ಸಾಮಾನ್ಯವಾಗಿ ಮೂರರಿಂದ ಆರನೇ ದಿನ, ಬಾಣಂತಿ ಆಗಲೇ ಮನೆ ಸೇರಿರುತ್ತಾಳೆ. ಮನೆಯವರೆಲ್ಲ ಮಗುವಿನ ಸುತ್ತ ಇರುವಾಗ ತಾಯಿಗೆ ಫಿಟ್ಸ್ ಬರಬಹುದು. ಆ ವಾರ ದಿನಕ್ಕೆರಡು ಸಲ ಅಳೆಯಿರಿ, ಹತ್ತನೇ ದಿನದೊಳಗೆ ಒಮ್ಮೆ ತೋರಿಸಿ. ಮೀಥೈಲ್‌ಡೋಪಾ ಬಾಣಂತಿಯ ಮನಸ್ಸನ್ನು ಕುಗ್ಗಿಸಬಹುದಾದ್ದರಿಂದ ಬೇರೆಗೆ ಬದಲಿಸುತ್ತೇವೆ. ಬಸುರಿನಲ್ಲಿ ಬೇಡವೆಂದ ಎನಲಾಪ್ರಿಲ್ ಈಗ ಹಾಲೂಡಿಸುವಾಗಲೂ ನಡೆಯುತ್ತದೆ. ಆರು ವಾರದ ತಪಾಸಣೆಗೆ ಬರುವಾಗ ಮಗುವಿನ ಲಸಿಕೆ ಕಾರ್ಡಿನ ಜೊತೆ ಬಿಪಿ ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಳ್ಳಿ.