ಬೋರ್ಡೋ ಹೊಡೆಸುವ ಮುಂಚೆ ಕತ್ತಿ ಅದ್ದಿ ನೋಡಿ

ತೀರ್ಥಹಳ್ಳಿ ಕಡೆ ಈಗ ಎಲ್ಲರಿಗೂ ಅಡಿಕೆಯ ಕೊಳೆರೋಗಕ್ಕೆ ಹೊಡೆಸುವ ಬೋರ್ಡೋ ಔಷಧಿಯ ಗಡಿಬಿಡಿ. ಅಳತೆ ಗೊತ್ತೇ ಇದೆ: 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ 50 ಲೀಟರಿನಲ್ಲಿ ಬೇರೆ ಬೇರೆ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ.

ಆಮೇಲೆ ತಿಕ್ಕಿ ತೊಳೆದ ಕತ್ತಿಯನ್ನು ಒಂದೆರಡು ನಿಮಿಷ ಅದ್ದಿ. ಕಬ್ಬಿಣದ್ದೇ ಬೇಕು, ಅಡುಗೆಮನೆಯ ಸ್ಟೀಲ್ ಚಾಕು ಬೇಡ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಅಂತ ಅರ್ಥ.

ಮೈಲುತುತ್ತದ ಹರಳಿನಲ್ಲಿ ತಾಮ್ರ ಮತ್ತು ಸಲ್ಫೇಟ್ ಅಯಾನುಗಳು, ಅಂದರೆ ವಿದ್ಯುತ್ ಆವೇಶ ಇರುವ ಕಣಗಳು, ಒಂದನ್ನೊಂದು ಹಿಡಿದುಕೊಂಡಿರುತ್ತವೆ. ನೀರಿಗೆ ಬಿದ್ದರೆ ಬಿಡಿಯಾಗುತ್ತವೆ. ಸುಣ್ಣದ ಹೈಡ್ರಾಕ್ಸೈಡ್ ಸಾಕಷ್ಟಿದ್ದರೆ ತಾಮ್ರ ಅದರ ಜೊತೆ ಸೇರಿ ಕರಗದ ನೀಲಿ ಗಸಿಯಾಗುತ್ತದೆ, ಮಳೆಗೂ ಸುಲಭಕ್ಕೆ ತೊಳೆದು ಹೋಗುವುದಿಲ್ಲ. ಮಿಕ್ಕ ಬಿಡಿ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತದೆ. ಕಬ್ಬಿಣದ ಬಕೆಟ್ ಬೇಡ ಅನ್ನೋದೂ ಅದಕ್ಕೇ ಅಲ್ವಾ.

ಹೋದ ವರ್ಷ ನಮ್ಮನೆ ಕತ್ತಿ ಕೆಂಪಾಯಿತು. ಅಳತೆ ಸರಿಯಿತ್ತು, ಸುಣ್ಣ ಹಳೆಯದು. ಬಾಯಿ ಬಿಚ್ಚಿಟ್ಟ ಚೀಲದ ಸುಣ್ಣ ಗಾಳಿಗೆ ಕಾರ್ಬೊನೇಟ್ ಆಗಿ ಸತ್ವ ಕಳೆದುಕೊಂಡಿತ್ತು. ಇನ್ನೆರಡು ಚೊಂಬು ಸುಣ್ಣದ ನೀರು ಹಾಕಿ ಮತ್ತೆ ಅದ್ದಿದೆವು. ಅಲಗು ಬೆಳ್ಳಗೇ ಉಳಿಯಿತು.