ಕಡಲತಡಿಯ ಮನೆಯಲ್ಲಿ ಕ್ಲೌನ್ ಮೀನು: ನನ್ನ ಅನುಭವ

ಮಂಗಳೂರಿನಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡವರನ್ನು ನೆಂಟರಿಷ್ಟರು ಮೊದಲು ಕೇಳುವ ಪ್ರಶ್ನೆ, ಪಣಂಬೂರಿನ ಕಡಲತೀರದಿಂದ ನಾಲ್ಕು ಕ್ಯಾನ್ ನೀರು ತಂದು ಸುರಿದರೆ ಸಾಲದೇ ಎಂಬುದು. ನಮ್ಮ ದಡದ ನೀರು ವರ್ಷವಿಡೀ ಒಂದೇ ಬಗೆಯದಾಗಿರುವುದಿಲ್ಲ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳು ಕೆಂಪು ಮಣ್ಣು ಬೆರೆತ ಸಿಹಿನೀರನ್ನು ಅಳಿವೆಯಲ್ಲಿ ಸುರಿಯುವುದರಿಂದ ದಡದ ಸಮೀಪ ಲವಣಾಂಶ ಇಳಿದುಬಿಡುತ್ತದೆ. ಮಳೆ ನಿಂತ ಮೇಲೂ ದೋಣಿಗಳ ಎಣ್ಣೆ, ಊರಿನ ಕೊಳೆ, ಮೀನಿಗೆ ರೋಗ ತರುವ ಪರಾವಲಂಬಿಗಳು ಆ ಕ್ಯಾನಿನೊಳಗೆ ಬಾರವೆಂದು ಖಾತರಿ ಕೊಡುವವರಿಲ್ಲ. ಕ್ಲೌನ್ ಮೀನಾದರೋ ಹವಳದ ದಿಬ್ಬಗಳ ತಿಳಿನೀರಿನ ಜೀವಿ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ, ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟೆಗಳಿರುವ ಆಸೆಲ್ಲಾರಿಸ್ ಜಾತಿಯ ನೆಲೆ ಅಂಡಮಾನಿನಿಂದ ಪೂರ್ವಕ್ಕೆ ಪೆಸಿಫಿಕ್ ಸಾಗರದ ಪಶ್ಚಿಮ ಭಾಗದವರೆಗೆ ಹರಡಿದೆ. ಆದ್ದರಿಂದ ಕಡಲು ಕೂಗಳತೆಯಲ್ಲಿದ್ದರೂ ನನ್ನ ತೊಟ್ಟಿಯ ಸಮುದ್ರವನ್ನು ನಾನೇ ಬೆರೆಸಿಕೊಳ್ಳಬೇಕೆಂದು ನಿರ್ಧರಿಸಿದೆ.

ತೊಟ್ಟಿಯ ಉದ್ದ ಮೂರು ಅಡಿ, ಅಗಲ ಮತ್ತು ಎತ್ತರ ತಲಾ ಒಂದೂವರೆ ಅಡಿ. ಕಲ್ಲು, ಮರಳು ಹಿಡಿದ ಜಾಗವನ್ನು ಕಳೆದು, ಕೆಳಗಿನ ಸಂಪಿನ (ನೀರು ಇಳಿದುಬಂದು ಮತ್ತೆ ಮೇಲೇರುವ ಎರಡನೆಯ ತೊಟ್ಟಿ) ನೀರನ್ನು ಕೂಡಿಸಿದರೆ ಸುಮಾರು 180 ಲೀಟರ್ ಉಪ್ಪುನೀರು ಚಲಾವಣೆಯಲ್ಲಿರುತ್ತದೆ. ಎರಡು ಕ್ಲೌನ್ ಮೀನುಗಳಿಗೆ ಇದರ ಅರ್ಧವೂ ಸಾಕಾಗುತ್ತದೆ, ಆದರೆ ನೀರು ಹೆಚ್ಚಿದ್ದಷ್ಟೂ ಅದರ ಗುಣದ ಏರಿಳಿತ ನಿಧಾನವಾಗುತ್ತದೆ ಎಂಬ ಕಾರಣಕ್ಕೆ ದೊಡ್ಡದನ್ನೇ ಮಾಡಿಸಿದೆ.

ಕರಾವಳಿಯ ಮುರಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು. ಬಯಲುಸೀಮೆಯ ಬೋರ್‌ವೆಲ್ ನೀರಿನ ಗಡಸುತನ ಅದಕ್ಕಿಲ್ಲ. ಹಾಗಿದ್ದರೂ ಅದರಲ್ಲಿ ಕಬ್ಬಿಣ, ನೈಟ್ರೇಟ್ ಇರಬಹುದಾದ್ದರಿಂದ ಆರ್‌ಓ ಘಟಕದ ನಂತರ, ಉಳಿದ ಲವಣಗಳನ್ನು ಹಿಡಿದಿಡುವ ಡಿಐ ರಾಳದ ಕೊಳವೆಯೊಂದನ್ನು ಜೋಡಿಸಿ, ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮಾಪಕ ಸೊನ್ನೆ ತೋರಿಸುವ ನೀರನ್ನೇ ಬಳಸುತ್ತೇನೆ. ಅದಕ್ಕೆ ಬೆರೆಸುವುದು ಅಕ್ವೇರಿಯಂಗೆಂದೇ ತಯಾರಾದ ಸಮುದ್ರದ ಉಪ್ಪು. ಅಡುಗೆಯ ಉಪ್ಪು ಬಹುಪಾಲು ಸೋಡಿಯಂ ಕ್ಲೋರೈಡ್ ಮಾತ್ರ. ಸಮುದ್ರದ ನೀರಿನಲ್ಲಿ ಅದರ ಜೊತೆಗೆ ಲೀಟರಿಗೆ ಸುಮಾರು 1,300 ಮಿಲಿಗ್ರಾಂ ಮೆಗ್ನೀಸಿಯಂ, 400ಕ್ಕೂ ಹೆಚ್ಚು ಮಿಲಿಗ್ರಾಂ ಕ್ಯಾಲ್ಸಿಯಂ, ಪಿಎಚ್ ಅನ್ನು ಹಿಡಿದಿಡುವ ಕಾರ್ಬೊನೇಟ್‌ಗಳು ಎಲ್ಲವೂ ಇರುತ್ತವೆ. ಲೀಟರಿಗೆ 36ರಿಂದ 38 ಗ್ರಾಂ ಉಪ್ಪನ್ನು ಪಂಪ್ ಓಡುತ್ತಿರುವ ನೀರಿಗೆ ನಿಧಾನವಾಗಿ ಹಾಕಬೇಕು. ಉಪ್ಪಿನ ರಾಶಿಯ ಮೇಲೆ ನೀರು ಸುರಿದರೆ ಅದರ ಒಂದು ಪಾಲು ಬಿಳಿಯ ಗಸಿಯಾಗಿ ತಳದಲ್ಲಿ ಉಳಿದುಬಿಡುತ್ತದೆ. ಒಂದು ದಿನ ತಿರುಗಿದ ಮೇಲೆ, ಬೆಳಕು ಬಾಗುವ ಪರಿಯಿಂದ ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿ, ಸಾಪೇಕ್ಷ ಸಾಂದ್ರತೆ 1.026, ಅಂದರೆ ಸಾವಿರಕ್ಕೆ 35 ಭಾಗ ಲವಣ ಬಂದಿದ್ದರೆ ಅದು ಬಳಕೆಗೆ ಸಿದ್ಧ. ಆ ಉಪಕರಣವನ್ನು ಬರಿ ನೀರಿನಿಂದಲ್ಲ, 35ರ ಪ್ರಮಾಣದ ಸಿದ್ಧ ದ್ರಾವಣದಿಂದಲೇ ಸರಿಹೊಂದಿಸಿಕೊಳ್ಳುವುದು ಒಳ್ಳೆಯದು.

ಹವಳದ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಹವಳಗಳು ಸೇರಿದವು. ನಮ್ಮ ಸಮುದ್ರದ ಹವಳವನ್ನೋ ಅದರ ತುಂಡುಗಳನ್ನೋ ಯಾರಾದರೂ ಅಗ್ಗದ ಬೆಲೆಗೆ ತಂದುಕೊಡುತ್ತೇನೆಂದರೆ ದೂರವಿರುವುದೇ ಸರಿ. ನಾನು ಬಳಸಿದ್ದು ತಯಾರಿಸಿದ ಒಣ ಕಲ್ಲುಗಳನ್ನು. ಮೀನಿನ ಮಲಮೂತ್ರದಿಂದ ಬರುವ ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾಗಳು ನೆಲೆಯೂರುವುದು ಆ ಕಲ್ಲುಗಳ ರಂಧ್ರಗಳಲ್ಲಿ. ಮೀನಿಲ್ಲದ ತೊಟ್ಟಿಗೆ ಅಮೋನಿಯಾ ದ್ರಾವಣವನ್ನು ಲೀಟರಿಗೆ 2 ಮಿಲಿಗ್ರಾಂ ಆಗುವಷ್ಟು ಹಾಕಿ, ಒಂದೇ ದಿನದಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿಯುವ ತನಕ ಕಾದೆ. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಸಿಹಿನೀರಿನ ಮೀನು ಸಾಕಿ ಅಭ್ಯಾಸವಿದ್ದವರಿಗೆ ಇಷ್ಟು ಕಾಯುವುದು ಅತಿಯೆನಿಸಬಹುದು. ಆದರೆ ಉಪ್ಪುನೀರಿನ ಪಿಎಚ್ 8.1ರಿಂದ 8.4ರ ನಡುವೆ ಇರುವುದರಿಂದ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು ಸಿಹಿನೀರಿಗಿಂತ ಹೆಚ್ಚಾಗುತ್ತದೆ, ಅಲ್ಲಿ ಮೀನು ತಡೆದುಕೊಂಡ ಪ್ರಮಾಣ ಇಲ್ಲಿ ಪ್ರಾಣ ತೆಗೆಯಬಲ್ಲದು.

ಮೀನಿನ ಆಯ್ಕೆಯಲ್ಲಿ ನನ್ನದು ಒಂದೇ ಹಟ: ಹ್ಯಾಚರಿಯಲ್ಲಿ ಹುಟ್ಟಿದ ಮರಿಗಳೇ ಆಗಬೇಕು. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನಿನ ಸಂತಾನೋತ್ಪಾದನೆಯ ತಂತ್ರವನ್ನು ನಮ್ಮ ದೇಶದಲ್ಲಿಯೇ ರೂಪಿಸಿರುವಾಗ, ಹವಳದ ದಿಬ್ಬದಿಂದ ಹಿಡಿದು ತಂದದ್ದನ್ನು ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಹ್ಯಾಚರಿಯ ಮರಿಗೆ ಗುಳಿಗೆಯ ಆಹಾರ ಅಭ್ಯಾಸವಾಗಿರುತ್ತದೆ, ಗಾಜಿನ ಗೋಡೆ ಹೊಸದಲ್ಲ.

ಎರಡು ಎಳೆಯ ಮೀನುಗಳನ್ನು ಗಾತ್ರದಲ್ಲಿ ಸ್ವಲ್ಪ ವ್ಯತ್ಯಾಸವಿರುವಂತೆ ಆರಿಸಿದೆ. ಕ್ಲೌನ್ ಮೀನುಗಳೆಲ್ಲವೂ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಗುಂಪಿನಲ್ಲಿ ಮೇಲುಗೈ ಪಡೆದದ್ದು ಹೆಣ್ಣಾಗುತ್ತದೆ, ಅದರ ನಂತರದ್ದು ಸಂತಾನ ಪಡೆಯುವ ಗಂಡಾಗಿ ಉಳಿಯುತ್ತದೆ. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗಿ ಬದಲಾಗುತ್ತದೆ. ಹೀಗಾಗಿ ಅಂಗಡಿಯಲ್ಲಿ ಹೆಣ್ಣು ಯಾವುದು, ಗಂಡು ಯಾವುದು ಎಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲ, ಎರಡು ಮರಿಗಳು ತಮ್ಮೊಳಗೇ ಅದನ್ನು ತೀರ್ಮಾನಿಸಿಕೊಳ್ಳುತ್ತವೆ. ದೊಡ್ಡದು ಏರಿ ಬಂದಾಗಲೆಲ್ಲ ಚಿಕ್ಕದು ಓರೆಯಾಗಿ ಮೈಯನ್ನು ಅದುರಿಸುತ್ತದೆ. ಕಾಯಿಲೆಯೋ ಎಂದು ಹೊಸಬರು ಗಾಬರಿಯಾಗುವುದುಂಟು, ಆದರೆ ಅದು ಸೋಲೊಪ್ಪಿಕೊಂಡಿದ್ದೇನೆಂಬ ಸಂಕೇತ. ಈ ಗಾತ್ರದ ತೊಟ್ಟಿಗೆ ಮೂರನೆಯದನ್ನು ಬಿಟ್ಟರೆ ಜೋಡಿ ಅದನ್ನು ಬದುಕಗೊಡುವುದು ಕಷ್ಟ.

ಅಂಗಡಿಯಿಂದ ತಂದ ಮೀನು ನೇರವಾಗಿ ಮುಖ್ಯ ತೊಟ್ಟಿಗೆ ಹೋಗಲಿಲ್ಲ. ಮರಳು, ಕಲ್ಲು ಯಾವುದೂ ಇಲ್ಲದ, ಸ್ಪಂಜ್ ಫಿಲ್ಟರ್ ಮತ್ತು ಅಡಗಲು ಪಿವಿಸಿ ಪೈಪಿನ ತುಂಡು ಮಾತ್ರವಿರುವ ಬೇರೊಂದು ತೊಟ್ಟಿಯಲ್ಲಿ ಅದನ್ನು ಕೆಲವು ವಾರ ಇಟ್ಟು ನೋಡಬೇಕು. ಕ್ಲೌನ್ ಮೀನಿಗೆ ವಿಶೇಷವಾಗಿ ಅಂಟುವ ಬ್ರೂಕ್ಲಿನೆಲ್ಲಾ ಎಂಬ ಪರಾವಲಂಬಿಯಿಂದ ಮೈಮೇಲೆ ದಪ್ಪ ಬಿಳಿ ಲೋಳೆ ಕಟ್ಟಿ, ಉಸಿರಾಟ ಬಿರುಸಾಗಿ, ಕೆಲವೇ ದಿನಗಳಲ್ಲಿ ಮೀನು ಸಾಯುತ್ತದೆ. ಉಪ್ಪಿನ ಹರಳಿನಂಥ ಚುಕ್ಕೆಗಳ ರೋಗಕ್ಕೆ ಕೊಡುವ ತಾಮ್ರದ ಔಷಧಿ ಇದಕ್ಕೆ ನಾಟುವುದಿಲ್ಲ, ಅಳತೆಯರಿತು ಫಾರ್ಮಲಿನ್ ಕೊಡಬೇಕಾಗುತ್ತದೆ. ತಾಮ್ರವನ್ನಂತೂ ಮುಖ್ಯ ತೊಟ್ಟಿಗೆ ಹಾಕುವಂತೆಯೇ ಇಲ್ಲ. ಕಲ್ಲಿನಲ್ಲಿ ಸೇರಿಕೊಂಡು, ಮುಂದೆ ಬಿಡುವ ಸಿಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ.

ಇನ್ನು ಅನಿಮೋನ್, ಅಂದರೆ ಹೂವಿನಂತೆ ಕಾಣುವ, ಕುಟುಕುವ ಎಳೆಗಳಿರುವ ಸಮುದ್ರಜೀವಿ. ಪ್ರಪಂಚದಲ್ಲಿರುವ ಸಾವಿರಕ್ಕೂ ಮಿಕ್ಕಿದ ಅನಿಮೋನ್ ಜಾತಿಗಳಲ್ಲಿ ಕ್ಲೌನ್ ಮೀನಿಗೆ ಆಸರೆ ಕೊಡುವವು ಸುಮಾರು ಹತ್ತು ಮಾತ್ರ. ಅವುಗಳಿಗೆ ಪ್ರಖರ ಬೆಳಕು ಬೇಕು, ಚೆನ್ನಾಗಿ ಪಳಗಿದ ತೊಟ್ಟಿ ಬೇಕು. ಜಾಗ ಹಿಡಿಸದಿದ್ದರೆ ತೆವಳಿಕೊಂಡು ಹೋಗಿ ಅಲೆಯ ಪಂಪಿಗೆ ಸಿಕ್ಕಿ ಚೂರಾಗುತ್ತವೆ, ಆಗ ಇಡೀ ತೊಟ್ಟಿಯ ನೀರು ಕೆಡುತ್ತದೆ. ಸಮುದ್ರದಲ್ಲಿ ಅನಿಮೋನಿನ ಕುಟುಕುವ ಎಳೆಗಳು ಮೀನನ್ನು ಶತ್ರುಗಳಿಂದ ಕಾಯುತ್ತವೆ. ಬೇಟೆಗಾರ ಮೀನಿಲ್ಲದ ಮನೆಯ ತೊಟ್ಟಿಯಲ್ಲಿ ಆ ಕಾವಲಿನ ಅಗತ್ಯವಿಲ್ಲವಾದ್ದರಿಂದ ನಾನು ಅನಿಮೋನ್ ತರಲಿಲ್ಲ. ನನ್ನ ಜೋಡಿ ಮಣ್ಣಿನ ಕುಡಿಕೆಯೊಂದನ್ನು ತನ್ನದಾಗಿಸಿಕೊಂಡು, ಗಾಜು ಒರೆಸಲು ಹೋದ ನನ್ನ ಕೈಯನ್ನೂ ಬಿಡದೆ ಕಚ್ಚುವಷ್ಟು ಅಧಿಕಾರ ಸ್ಥಾಪಿಸಿದೆ.

ಕರಾವಳಿಯ ಹವೆ ಈ ಹವ್ಯಾಸಕ್ಕೆ ತನ್ನದೇ ಆದ ತೊಡಕುಗಳನ್ನು ಒಡ್ಡುತ್ತದೆ, ಹೊರಗಿನವರು ಬರೆದ ಕೈಪಿಡಿಗಳಲ್ಲಿ ಅವಕ್ಕೆ ಉತ್ತರ ಸಿಗುವುದು ಕಡಿಮೆ. ನನಗೆ ಬೇಕಾದ ನೀರಿನ ತಾಪಮಾನ 26ರಿಂದ 27 ಡಿಗ್ರಿ. ಚಳಿದೇಶದವರು ಹೀಟರಿನ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ನಮ್ಮಲ್ಲಿ ಮಾರ್ಚಿನಿಂದ ಮೇವರೆಗೆ ಕೋಣೆಯ ಸೆಕೆಗೆ ಪಂಪುಗಳ ಬಿಸಿ ಸೇರಿ ನೀರು 30 ಡಿಗ್ರಿಯನ್ನು ದಾಟುತ್ತದೆ, ಬಿಸಿಯೇರಿದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಇಳಿಯುತ್ತದೆ. ನೀರಿನ ಮೇಲೆ ಫ್ಯಾನ್ ಬೀಸುವ ಉಪಾಯ ಕೆಲಸ ಮಾಡುವುದು ನೀರು ಆವಿಯಾಗುವುದರಿಂದ. ಕಲಬುರಗಿ, ಬಳ್ಳಾರಿಗಳ ಒಣಗಾಳಿಯಲ್ಲಿ ಅದು ಫಲಿಸುವಷ್ಟು ನಮ್ಮ ತೇವದ ಗಾಳಿಯಲ್ಲಿ ಫಲಿಸುವುದಿಲ್ಲ. ಕೊನೆಗೆ ಸಣ್ಣ ಚಿಲ್ಲರ್ ಅನಿವಾರ್ಯವಾಯಿತು, ಇಡೀ ವ್ಯವಸ್ಥೆಯಲ್ಲಿ ಜೇಬಿಗೆ ಹೆಚ್ಚು ಭಾರವಾದದ್ದೂ ಅದೇ.

ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. ಆದ್ದರಿಂದ ಇಳಿದ ಮಟ್ಟವನ್ನು ಶುದ್ಧ ನೀರಿನಿಂದಲೇ ತುಂಬಬೇಕು. ಬೇಸಿಗೆಯಲ್ಲಿ ಇದಕ್ಕೆ ಬೇಕಾಗುವ ನೀರಿಗೂ ಜುಲೈಯ ಜಡಿಮಳೆಯಲ್ಲಿ ಬೇಕಾಗುವುದಕ್ಕೂ ಬಹಳ ಅಂತರವಿರುವ ಕಾರಣ, ದಿನಕ್ಕಿಷ್ಟು ಎಂದು ಅಂದಾಜಿನಲ್ಲಿ ಸುರಿಯದೆ ಸಂಪಿನಲ್ಲಿ ತೇಲುಗುಂಡಿನ ಕವಾಟವನ್ನಿಟ್ಟಿದ್ದೇನೆ. ಅದಕ್ಕೆ ನೀರು ಬರುವ ಡಬ್ಬಿ ಬೇಕೆಂದೇ 10 ಲೀಟರಿನದು. ಕವಾಟ ಸಿಕ್ಕಿಹಾಕಿಕೊಂಡು ಡಬ್ಬಿಯಷ್ಟೂ ಒಳಗೆ ಸುರಿದರೂ 180 ಲೀಟರಿನ ಲವಣಾಂಶ 35ರಿಂದ ಸುಮಾರು 33ಕ್ಕೆ ಇಳಿದೀತೇ ಹೊರತು ಮೀನು ಸಾಯದು. ನಲ್ಲಿಗೆ ನೇರವಾಗಿ ಜೋಡಿಸಿದ್ದರೆ ಆ ಭರವಸೆ ಇರುವುದಿಲ್ಲ.

ಮಳೆಗಾಲದ ಗಾಳಿಗೆ ಮರ ಬಿದ್ದು ವಿದ್ಯುತ್ ಗಂಟೆಗಟ್ಟಲೆ ಹೋಗುವುದು ನಮ್ಮೂರಿನವರಿಗೆ ಹೊಸ ಸಂಗತಿಯಲ್ಲ. ಅಂಥ ಹೊತ್ತಿನಲ್ಲಿ ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್, ದೀಪ, ಚಿಲ್ಲರ್ ನಿಂತರೂ ಅಡ್ಡಿಯಿಲ್ಲ, ನೀರಿನ ಮೇಲ್ಮೈ ಕಲಕುತ್ತಿರಬೇಕು. ಅಲೆಯ ಪಂಪನ್ನು ಮಾತ್ರ ಇನ್ವರ್ಟರಿಗೆ ಜೋಡಿಸಿ, ಅದೂ ಕೈಕೊಟ್ಟರೆಂದು ಬ್ಯಾಟರಿಯ ಏರ್ ಪಂಪೊಂದನ್ನು ಇಟ್ಟುಕೊಂಡಿದ್ದೇನೆ. ಉಪ್ಪಿನ ಹನಿ ಒಣಗಿ ಸಾಕೆಟ್ಟಿನವರೆಗೂ ಬಿಳಿಯ ಹೊರೆ ಕಟ್ಟುವುದರಿಂದ ವೈರುಗಳನ್ನು ಸಾಕೆಟ್ಟಿಗಿಂತ ಕೆಳಗೆ ಇಳಿಬಿಟ್ಟು ಮೇಲೇರಿಸಿ, ವಿದ್ಯುತ್ ಸೋರಿಕೆಯಾದೊಡನೆ ಕಡಿತಗೊಳಿಸುವ ಬ್ರೇಕರ್ ಹಾಕಿಸುವುದು ಮೀನಿಗಿಂತ ಮನೆಯವರ ಜೀವಕ್ಕೆ ಬೇಕಾದ ಎಚ್ಚರಿಕೆ.

ಆಹಾರವಾಗಿ ದಿನಕ್ಕೆರಡು ಸಲ ಚಿಟಿಕೆಯಷ್ಟು ಗುಳಿಗೆ, ನಡುನಡುವೆ ಹೆಪ್ಪುಗಟ್ಟಿಸಿದ ಆರ್ಟೀಮಿಯಾ (ಸಿಗಡಿಯಂಥ ಪುಟ್ಟ ಉಪ್ಪುನೀರಿನ ಜೀವಿ) ಕೊಡುತ್ತೇನೆ. ಮಂಗಳೂರಿನಲ್ಲಿ ಸಿಗಡಿಗೇನೂ ಕೊರತೆಯಿಲ್ಲವಾದ್ದರಿಂದ ಅದನ್ನು ಸುಲಿದು, ಸಣ್ಣಗೆ ಕೊಚ್ಚಿ, ತೊಳೆದು ಕೊಡುವುದೂ ಉಂಟು. ಬೂತಾಯಿಯಂಥ ಎಣ್ಣೆಯ ಮೀನನ್ನು ಹಾಕಿದರೆ ನೀರಿನ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತದೆ. ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರನ್ನು ಬದಲಿಸುತ್ತೇನೆ.

ಮೊಟ್ಟೆಯಿಡುವ ಸೂಚನೆ ಕಂಡಾಗ ಕುಡಿಕೆಯ ಪಕ್ಕಕ್ಕೆ ಮಂಗಳೂರು ಹಂಚಿನ ತುಂಡೊಂದನ್ನು ಚೆನ್ನಾಗಿ ತೊಳೆದು ಒರಗಿಸಿಟ್ಟೆ. ಸುಟ್ಟ ಮಣ್ಣಿನ ಒರಟು ಮೈಗೆ ಮೊಟ್ಟೆಗಳು ಭದ್ರವಾಗಿ ಅಂಟುತ್ತವೆ. ಜೋಡಿ ಅದನ್ನು ಬಾಯಿಂದ ಉಜ್ಜಿ ಶುಚಿಗೊಳಿಸಿದ ಮೇಲೆ ಹೆಣ್ಣು ಕಿತ್ತಳೆ ಬಣ್ಣದ ಮೊಟ್ಟೆಗಳನ್ನು ಸಾಲಾಗಿ ಇಟ್ಟಿತು. ಗಂಡು ರೆಕ್ಕೆ ಬೀಸಿ ಗಾಳಿಯಾಡಿಸುತ್ತ, ಕೆಟ್ಟವನ್ನು ಹೆಕ್ಕುತ್ತ ಕಾಯುತ್ತದೆ. ಮೊಟ್ಟೆಗಳು ಕ್ರಮೇಣ ಕಪ್ಪಾಗಿ, ಒಳಗೆ ಬೆಳ್ಳಿಯಂತೆ ಹೊಳೆಯುವ ಕಣ್ಣುಗಳು ಕಂಡವೆಂದರೆ, ಸುಮಾರು ಎಂಟನೆಯ ರಾತ್ರಿ, ದೀಪವಾರಿದ ಒಂದೆರಡು ಗಂಟೆಗಳಲ್ಲಿ ಒಡೆಯುತ್ತವೆ. ಒಡೆದ ಮರಿ ತೊಟ್ಟಿಯಲ್ಲಿಯೇ ಉಳಿದರೆ ಪಂಪಿನ ಪಾಲು. ಹಾಗಾಗಿ ಒಡೆಯುವ ಸಂಜೆ ಹಂಚನ್ನು ಅದೇ ನೀರು ತುಂಬಿದ ಸಣ್ಣ ತೊಟ್ಟಿಗೆ, ಗಾಳಿಗೆ ತೆರೆಯದಂತೆ ಪಾತ್ರೆಯಲ್ಲಿ ಮುಳುಗಿಸಿಯೇ ಸಾಗಿಸಿ, ಏರ್ ಸ್ಟೋನಿನ ಗುಳ್ಳೆಗಳು ಮೊಟ್ಟೆಗಳ ಪಕ್ಕದಲ್ಲಿ ಏಳುವಂತೆ ಇಟ್ಟೆ. ಮರಿಗಳ ಮೊದಲ ಆಹಾರ ರೋಟಿಫರ್ ಎಂಬ, ನೀರಿನಲ್ಲಿ ತೇಲುವ ಅತಿಸೂಕ್ಷ್ಮ ಜೀವಿ. ಹಸಿರು ಪಾಚಿಯ ನೀರಿನಲ್ಲಿ ಅದನ್ನು ಮೊದಲೇ ಬೆಳೆಸಿಟ್ಟುಕೊಂಡಿರದಿದ್ದರೆ ಮೊಟ್ಟೆಯನ್ನು ಮುಟ್ಟದಿರುವುದೇ ಲೇಸು. ಎರಡನೆಯ ವಾರದಲ್ಲಿ ತಲೆಯ ಹಿಂದೆ ಮೊದಲ ಬಿಳಿ ಪಟ್ಟೆ ಮೂಡಿದ ಮರಿಗಳು ತಳಕ್ಕಿಳಿದು ಮೈಯಾಡಿಸತೊಡಗುತ್ತವೆ. ಆಗತಾನೇ ಒಡೆದ ಆರ್ಟೀಮಿಯಾವನ್ನು ಕೊಡಲು ಆರಂಭಿಸಿ, ದಿನವೂ ತಳದ ಕಸವನ್ನು ಸಣ್ಣ ಕೊಳವೆಯಿಂದ ಹೀರಿ ತೆಗೆಯುವುದಷ್ಟೇ ಆಮೇಲಿನ ಕೆಲಸ.